ಮಗುವಿನ ತಲೆಗೆ ಜೋರು ಪೆಟ್ಟಾಗಿದ್ದರೆ: ಆಪರೇಷನ್ ಖರ್ಚಿಗೂ, ಆಮೇಲಿನ ಥೆರಪಿ ಖರ್ಚಿಗೂ ದಾರಿ ಮಾಡಿಕೊಳ್ಳುವುದು ಹೇಗೆ?

ಮಗುವಿನ ತಲೆಗೆ ಜೋರು ಪೆಟ್ಟಾದಾಗ ಮೊದಲ ವಾರದ ದುಡ್ಡು ಹೇಗೋ ಹೊಂದಿಕೆ ಆಗಿಬಿಡುತ್ತದೆ. ಬಿಪಿಎಲ್ ಕಾರ್ಡ್ ಇರುತ್ತದೆ, ಇಲ್ಲ ಅಪ್ಪನ ಕಂಪನಿ ಪಾಲಿಸಿ ಇರುತ್ತದೆ, ಎರಡೂ ಇಲ್ಲ ಅಂದರೆ ಸೋದರಮಾವ ಬಂದು ಕೈಗೆ ದುಡ್ಡು ತುರುಕಿ ಹೋಗುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ. ಫಿಸಿಯೋ, ಸ್ಪೀಚ್ ಥೆರಪಿ, ಫಿಟ್ಸ್ ಮಾತ್ರೆ, ಮತ್ತೊಂದು ಸ್ಕ್ಯಾನ್, ಮಂಡ್ಯದಿಂದ ಮೈಸೂರಿಗೆ ಓಡಾಟ, ಅಪ್ಪನೋ ಅಮ್ಮನೋ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು. ಇದಕ್ಕೆ ಯಾವ ಇನ್ಶೂರೆನ್ಸೂ ಸಲೀಸಾಗಿ ದುಡ್ಡು ಕೊಡುವುದಿಲ್ಲ. ಕ್ಲೇಮ್ ಫೈಲ್‌ಗಳ ಮಧ್ಯೆಯೇ ಕೂತು ಕೆಲಸ ಮಾಡುವ ನನ್ನ ಕಣ್ಣಿಗೆ ಬೀಳುವುದು ಇಷ್ಟು: ಆಪರೇಷನ್‌ಗೆ ದುಡ್ಡಿಲ್ಲದೆ ಕೈಚೆಲ್ಲಿದವರಿಗಿಂತ, ಮಗು ಸುಧಾರಿಸುತ್ತಿರುವಾಗಲೇ ಥೆರಪಿ ನಿಲ್ಲಿಸಿದವರು ಜಾಸ್ತಿ. ಹಾಗಾಗಿ ಕಾರ್ಡ್, ಪಾಲಿಸಿ, ಕಾಗದ ಪತ್ರ ಎಲ್ಲವನ್ನೂ ಮೊದಲ ದಿನದಿಂದಲೇ ಮುಂದಿನ ಒಂದು ವರ್ಷವನ್ನು ನೆನಪಲ್ಲಿಟ್ಟುಕೊಂಡು ಮಾಡಬೇಕು. ಹೇಗೆ ಅಂತ ಹೇಳುತ್ತೇನೆ.

ಮೊದಲ ಒಂದು ಗಂಟೆಯಲ್ಲಿ ಇನ್ಶೂರೆನ್ಸ್ ಯೋಚನೆ ಬೇಡ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಡ್ಯದ ಕಡೆಯವರಾದರೆ ಮಿಮ್ಸ್ (ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಮೈಸೂರಾದರೆ ಕೆ.ಆರ್. ಆಸ್ಪತ್ರೆ ಅಥವಾ ನಿಮಗೆ ಹತ್ತಿರ ಇರುವ ದೊಡ್ಡ ಖಾಸಗಿ ಆಸ್ಪತ್ರೆ. ನಮ್ಮ ಕಡೆ ಒಂದು ಅಭ್ಯಾಸ ಇದೆ, ಏನೇ ಆದರೂ ಸೀದಾ ನಿಮ್ಹಾನ್ಸ್‌ಗೆ ಓಡುವುದು. ನಿಮ್ಹಾನ್ಸ್ ಒಳ್ಳೆಯ ಜಾಗವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಜ್ಞೆ ಇಲ್ಲದ, ಉಸಿರಾಟ ಸರಿ ಇಲ್ಲದ ಮಗುವನ್ನು ಬಾಡಿಗೆ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಬೆಂಗಳೂರು ತನಕ ಹೋಗಬೇಡಿ. ಮೆದುಳಿಗೆ ಆಮ್ಲಜನಕ ಕಡಿಮೆಯಾದರೆ, ರಕ್ತದ ಒತ್ತಡ ಬಿದ್ದರೆ, ಮೊದಲ ಪೆಟ್ಟಿನ ಮೇಲೆ ಎರಡನೇ ಪೆಟ್ಟು ಬಿದ್ದಂತೆಯೇ. ಮೊದಲು ಇಲ್ಲಿ ಸ್ಥಿತಿ ಸರಿ ಮಾಡಿಸಿ, ಬೇಕಾದರೆ ಡಾಕ್ಟರೇ ಅಲ್ಲಿಗೆ ಮಾತಾಡಿ ಕಳಿಸಲಿ.

ಡಾಕ್ಟರು ಜಿ.ಸಿ.ಎಸ್. ಇಷ್ಟು ಅಂತ ಒಂದು ನಂಬರ್ ಹೇಳುತ್ತಾರೆ. 3ರಿಂದ 15ರ ತನಕದ ಅಳತೆ ಅದು. ಕಣ್ಣು ಬಿಡುತ್ತದಾ, ಮಾತಾಡುತ್ತದಾ, ಕೈಕಾಲು ಆಡಿಸುತ್ತದಾ ಅಂತ ನೋಡಿ ಕೊಡುವ ಅಂಕ. 8 ಅಥವಾ ಕಡಿಮೆ ಇದ್ದರೆ ತೀವ್ರ ಪೆಟ್ಟು, 9ರಿಂದ 12 ಮಧ್ಯಮ, ಅದಕ್ಕಿಂತ ಮೇಲೆ ಲಘು. ಈ ನಂಬರ್ ಕೇಸ್ ಶೀಟಿನಲ್ಲಿ ಬರೆದಿದೆಯಾ ನೋಡಿಕೊಳ್ಳಿ. ಮುಂದೆ ಇನ್ಶೂರೆನ್ಸ್‌ನವರೂ, ಅಂಗವಿಕಲತೆ ಪ್ರಮಾಣಪತ್ರ ಕೊಡುವವರೂ, ಕೋರ್ಟೂ ಮೊದಲು ಹುಡುಕುವುದು ಅದನ್ನೇ.

ಕ್ಯಾಶುವಾಲ್ಟಿಯಲ್ಲಿ ಬರೆಸುವ ಒಂದು ಸಾಲು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ಕ್ಲೇಮ್ ಕೆಡುವುದು ಜಾಸ್ತಿ ಇಲ್ಲೇ.

ಮಗುವನ್ನು ಸ್ಟ್ರೆಚರ್ ಮೇಲೆ ಮಲಗಿಸುತ್ತಿದ್ದಂತೆ ಡ್ಯೂಟಿ ಡಾಕ್ಟರ್ "ಏನಾಯ್ತು?" ಅಂತ ಕೇಳುತ್ತಾರೆ. ಕರೆದುಕೊಂಡು ಬಂದಿರುವುದು ಪಕ್ಕದ ಮನೆಯವರು. "ಬಿದ್ಬುಟ್ಟ ಸಾ" ಅನ್ನುತ್ತಾರೆ. ಎಲ್ಲಿಂದ, ಹೇಗೆ ಅಂತ ಕೇಳಿದರೆ ಯಾಕೆ ಸುಮ್ನೆ ಪೊಲೀಸು ಗಿಲೀಸು ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ಡಾಕ್ಟರ್ ಶೀಟಿನ ಮೇಲೆ "ತಾನೇ ಬಿದ್ದಿದ್ದು" ಅಂತ ಬರೆಯುತ್ತಾರೆ. ನಿಜವಾಗಿ ಆಗಿದ್ದೇನು? ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಕಬ್ಬು ಎಳೆಯೋಕೆ ಹೋದ ಹುಡುಗ, ಡ್ರೈವರ್ ಬ್ರೇಕ್ ಹೊಡೆದಾಗ ರಸ್ತೆಗೆ ಬಿದ್ದಿದ್ದ. ವಾರ ಕಳೆದ ಮೇಲೆ ಅಪ್ಪ ಸ್ಟೇಷನ್‌ಗೆ ಹೋಗಿ ಅಪಘಾತ ಅಂತ ದೂರು ಕೊಟ್ಟಾಗ, ಆ ಒಂದು ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಆಸ್ಪತ್ರೆ ಶೀಟಲ್ಲಿ ಒಂದು, ಎಫ್.ಐ.ಆರ್.ನಲ್ಲಿ ಇನ್ನೊಂದು ಇದ್ದರೆ ವಾಹನದ ಇನ್ಶೂರೆನ್ಸ್ ಕಂಪನಿಯ ವಕೀಲರಿಗೆ ಅಷ್ಟೇ ಸಾಕು.

ಹಾಗಾಗಿ ಇದ್ದಿದ್ದನ್ನು ಇದ್ದ ಹಾಗೆ ಹೇಳಿ. ವಾಹನ ಇದ್ದರೆ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ, ಗಾಡಿ ನಂಬರ್ ಬರೆಸಿ, ಜಾಗ ಬರೆಸಿ. ಯಾರೋ ದಾರಿಹೋಕರು ಕರೆತಂದಿದ್ದರೆ ಅವರು ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಮಹಡಿಯಿಂದ, ಮರದಿಂದ ಬಿದ್ದಿದ್ದರೂ ಅಷ್ಟೇ, ಎಷ್ಟು ಎತ್ತರ ಅಂತ ಬರೆಸಿ. ಮಗುವಿನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಮನೆಯಲ್ಲಿ ಕರೆಯುವ "ಪುಟ್ಟ", "ಚಿನ್ನು" ಅಡ್ಮಿಷನ್ ಶೀಟಿಗೆ ಹತ್ತಿಬಿಟ್ಟರೆ ಆಮೇಲೆ ಅಫಿಡವಿಟ್ಟು ಅಂತ ಅಲೆಯಬೇಕು.

ಯಾವ ಕಾರ್ಡಿನಿಂದ ಎಷ್ಟು?

ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಈ ಮೊತ್ತ ಇಡೀ ಮನೆಗೆ ಸೇರಿ, ಒಬ್ಬೊಬ್ಬರಿಗಲ್ಲ. ಮಾಮೂಲಿಯಾಗಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಪರಿಸ್ಥಿತಿಯಲ್ಲಿ ಬೇಡ, ಯೋಜನೆಯಲ್ಲಿ ನೋಂದಾಯಿಸಿದ ಆಸ್ಪತ್ರೆಗೆ ನೇರ ಹೋಗಬಹುದು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಅಂದರೆ ಅದಕ್ಕಿಂತ ತುರ್ತು ಇನ್ನೇನಿದೆ, ಅಲ್ವಾ? ಆದರೂ ಕೌಂಟರಿನಲ್ಲಿ "ರೆಫರಲ್ ತನ್ನಿ" ಅಂತ ಹೇಳುವವರು ಸಿಗುತ್ತಾರೆ. ಆಗ ಕೌಂಟರಿನವರ ಹತ್ತಿರ ವಾದ ಮಾಡುತ್ತಾ ನಿಲ್ಲಬೇಡಿ. ಈ ಯೋಜನೆಯ ಕೆಲಸ ನೋಡಿಕೊಳ್ಳಲು ಆಸ್ಪತ್ರೆಯಲ್ಲೇ ಇರುವ ಆರೋಗ್ಯಮಿತ್ರ ಯಾರು ಅಂತ ಕೇಳಿ ಅವರನ್ನು ಹಿಡಿಯಿರಿ. ಅವರೂ ಸಿಗದಿದ್ದರೆ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿರಬೇಕು. ಎಷ್ಟೋ ಮನೆಗಳಲ್ಲಿ ಎರಡನೇ ಮಗುವಿನ ಹೆಸರು ಸೇರಿಸುವುದೇ ಬಾಕಿ ಇರುತ್ತದೆ. ಈ ಬರಹ ಓದುತ್ತಿರುವವರ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲದಿದ್ದರೂ ಅದನ್ನೊಂದು ನೋಡಿಕೊಳ್ಳಿ.

ಡೈರಿಗೆ ಹಾಲು ಹಾಕುವವರು, ಸಹಕಾರ ಸಂಘದಲ್ಲಿ ಸದಸ್ಯರಾದವರು ಯಶಸ್ವಿನಿ (ಸಹಕಾರ ಸಂಘದವರಿಗಾಗಿ ಇರುವ ಆರೋಗ್ಯ ಯೋಜನೆ) ಮಾಡಿಸಿದ್ದೀರಾ ನೋಡಿ. 2023ರ ಜನವರಿಯಿಂದ ಮತ್ತೆ ಶುರುವಾಗಿದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಮುಖ್ಯವಾಗಿ ಆಪರೇಷನ್‌ಗಳಿಗೆ. ಪೆಟ್ಟಾದ ಮೇಲೆ ಹೋಗಿ ಸೇರೋಕೆ ಆಗಲ್ಲ, ನೋಂದಣಿಗೆ ಅವಧಿ ಇರುತ್ತದೆ.

ನಂಜನಗೂಡಿನ ಫ್ಯಾಕ್ಟರಿಯಲ್ಲೋ, ಗಾರ್ಮೆಂಟ್ಸ್‌ನಲ್ಲೋ ಕೆಲಸ ಮಾಡುವವರು, ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ, ಇ.ಎಸ್.ಐ.ಯನ್ನು, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯನ್ನು, ಮರೆತೇ ಬಿಟ್ಟಿರುತ್ತಾರೆ. ಸಂಬಳದಲ್ಲಿ ಪ್ರತಿ ತಿಂಗಳೂ ಕಟ್ಟಾಗುತ್ತಿದೆ, ಜ್ವರಕ್ಕೂ ಆ ಡಿಸ್ಪೆನ್ಸರಿ ಕಡೆ ಹೋಗಿರುವುದಿಲ್ಲ. ಆದರೆ ಇಂಥ ದೊಡ್ಡ ಪೆಟ್ಟಿಗೆ ಅದು ಖಾಸಗಿ ಪಾಲಿಸಿಗಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳಿಗೂ ಸಿಗುತ್ತದೆ, ಚಿಕಿತ್ಸೆಗೆ ಇಷ್ಟೇ ಅಂತ ಮಿತಿ ಇಲ್ಲ, ಹೊರರೋಗಿಯಾಗಿ ತೆಗೆದುಕೊಳ್ಳುವ ಚಿಕಿತ್ಸೆಗೂ ಉಂಟು. ಒಂದೇ ಕಷ್ಟ, ಅವರ ದಾರಿಯಲ್ಲೇ ಹೋಗಬೇಕು, ರೆಫರಲ್ ಬರೆಸಿಕೊಳ್ಳಬೇಕು. ತುರ್ತಾಗಿ ಬೇರೆ ಕಡೆ ಸೇರಿಸಿದ್ದರೆ ತಕ್ಷಣ ಇ.ಎಸ್.ಐ. ಆಸ್ಪತ್ರೆಗೆ ತಿಳಿಸಿ.

ರಸ್ತೆ ಅಪಘಾತವಾದರೆ ಇನ್ನೊಂದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ನಗದುರಹಿತ ಚಿಕಿತ್ಸೆ ಯೋಜನೆ. ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ, ಅಪಘಾತ ಆದ ದಿನದಿಂದ 7 ದಿನಗಳ ಒಳಗೆ, ಒಬ್ಬರಿಗೆ ಒಂದೂವರೆ ಲಕ್ಷದ ತನಕ. ಪೊಲೀಸರ ದೃಢೀಕರಣ ಬೇಕಾಗುತ್ತದೆ. ಎಂ.ಎಲ್.ಸಿ. ಮಾಡಿಸಿ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಖಾಸಗಿ ಪಾಲಿಸಿ ಇದ್ದರೆ

ಅಡ್ಮಿಟ್ ಆದ 24 ಗಂಟೆ ಒಳಗೆ ಕಂಪನಿಗೆ ತಿಳಿಸಿ. ಹೊಸ ಪಾಲಿಸಿ, ಇನ್ನೂ 30 ದಿನ ಆಗಿಲ್ಲ ಅಂತ ಕೈಬಿಡಬೇಡಿ, ಆ ಕಾಯುವ ಅವಧಿ ಅಪಘಾತಕ್ಕೆ ಅನ್ವಯಿಸುವುದಿಲ್ಲ. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆ ಒಳಗೆ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆ ಒಳಗೆ ಉತ್ತರ ಕೊಡಬೇಕು ಅಂತ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಕೌಂಟರಿನಲ್ಲಿ ಸಂಜೆ ತನಕ ಕಾಯಿಸಿದರೆ ಇದನ್ನು ನೆನಪಿಸಿ.

ರೂಮ್ ಆರಿಸುವಾಗ ಹುಷಾರು. ಮೂರು ಲಕ್ಷದ ಪಾಲಿಸಿ, ರೂಮ್ ಬಾಡಿಗೆ ಶೇಕಡಾ 1 ಅಂತ ಇದ್ದರೆ ದಿನಕ್ಕೆ 3,000. ನೀವು ಮಗುವಿಗೆ ಆರಾಮಾಗಿರಲಿ ಅಂತ 6,000ದ ರೂಮ್ ತೆಗೆದುಕೊಂಡರೆ ಕಡಿತ ಆಗುವುದು ಬರೀ ಬಾಡಿಗೆಯ ವ್ಯತ್ಯಾಸ ಅಲ್ಲ. ಡಾಕ್ಟರ್ ಫೀಸು, ಆಪರೇಷನ್ ಚಾರ್ಜು ಇವೂ ಅರ್ಧಕ್ಕೆ ಇಳಿಯಬಹುದು. ಔಷಧಿ, ಇಂಪ್ಲಾಂಟ್, ಸ್ಕ್ಯಾನ್, ಐಸಿಯು ಬಾಡಿಗೆ ಇವುಗಳಿಗೆ ಈ ಲೆಕ್ಕ ಹಾಕುವ ಹಾಗಿಲ್ಲ, ಹಾಕಿದ್ದರೆ ಕೇಳಿ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಮೆದುಳು ಜಾಸ್ತಿ ಊದಿಕೊಂಡಿದ್ದರೆ ತಲೆಬುರುಡೆಯ ಒಂದು ತುಂಡನ್ನು ತೆಗೆದು, ಎಷ್ಟೋ ಸಲ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿಯುತ್ತಾರೆ. ಕೆಲವು ವಾರ ಅಥವಾ ತಿಂಗಳಾದ ಮೇಲೆ ಅದನ್ನು ವಾಪಸ್ ಕೂರಿಸಲು ಇನ್ನೊಂದು ಆಪರೇಷನ್. ಅಂದರೆ ಇನ್ನೊಂದು ಅಡ್ಮಿಷನ್, ಇನ್ನೊಂದು ಬಿಲ್. ಮೊದಲ ಸಲವೇ ಪೂರ್ತಿ ಮೊತ್ತ ಖಾಲಿ ಆಗುತ್ತಿದೆ ಅನಿಸಿದರೆ ಡಾಕ್ಟರ ಹತ್ತಿರ ಎರಡನೆಯದು ಯಾವಾಗ ಅಂತ ಕೇಳಿಟ್ಟುಕೊಳ್ಳಿ, ಪಾಲಿಸಿ ವರ್ಷ ಮುಗಿಯುವ ದಿನ ನೋಡಿಕೊಳ್ಳಿ, ಈ ಗಲಾಟೆಯಲ್ಲಿ ರಿನ್ಯೂವಲ್ ಮರೆಯಬೇಡಿ. ಕ್ಲೇಮ್ ಮಾಡಿದ್ದೀರಿ ಅನ್ನುವ ಕಾರಣಕ್ಕೆ ಕಂಪನಿ ರಿನ್ಯೂವಲ್ ನಿರಾಕರಿಸುವ ಹಾಗಿಲ್ಲ. ಆಪರೇಷನ್ ದಿನ ಮಾತ್ರ ಡಾಕ್ಟರು ಹೇಳಿದ್ದೇ ಆಗಬೇಕು, ಪಾಲಿಸಿಗೋಸ್ಕರ ಮುಂದಕ್ಕೆ ಹಾಕಬೇಡಿ.

ಈಗ ಮುಖ್ಯ ವಿಷಯ. ಪಾಲಿಸಿ ಪುಸ್ತಕದಲ್ಲಿ ಹೊರಗಿಡುವ ಅಂಶಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ 05 ಅನ್ನುವ ಕೋಡ್ ಹುಡುಕಿ. ವಿಶ್ರಾಂತಿ, ಪುನಶ್ಚೇತನ, ಆರೈಕೆಗೆ ಮಾತ್ರ ಸೇರಿಸಿಕೊಂಡಿದ್ದರೆ ಕೊಡುವುದಿಲ್ಲ ಅಂತ ಬರೆದಿರುತ್ತದೆ. ಆಪರೇಷನ್ ಮುಗಿದು, ಮಗು ನಡೆಯುವುದನ್ನೂ ನುಂಗುವುದನ್ನೂ ಮತ್ತೆ ಕಲಿಯಲು ರಿಹ್ಯಾಬ್ ಸೆಂಟರಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಆ ಬಿಲ್ ಸಾಮಾನ್ಯವಾಗಿ ಇಲ್ಲೇ ಬಿದ್ದುಹೋಗುತ್ತದೆ. ಉಳಿಯುವ ಕಿಂಡಿ ಒಂದೇ, ಡಿಸ್ಚಾರ್ಜ್ ನಂತರದ ಖರ್ಚು. ಬಹಳಷ್ಟು ಪಾಲಿಸಿಗಳಲ್ಲಿ 60 ದಿನ, ಕೆಲವದರಲ್ಲಿ ಇನ್ನೂ ಜಾಸ್ತಿ. ಈ ದಿನಗಳನ್ನು ಪೂರ್ತಿ ಬಳಸಿಕೊಳ್ಳಿ. ಡಿಸ್ಚಾರ್ಜ್ ಸಮರಿ ಕೈಗೆ ಬರುವ ಮುಂಚೆಯೇ ಡಾಕ್ಟರಿಗೆ ಹೇಳಿ, ಫಿಸಿಯೋ ವಾರಕ್ಕೆ ಎಷ್ಟು ಸಲ, ಸ್ಪೀಚ್ ಥೆರಪಿ ಬೇಕಾ, ನ್ಯೂರೋಸೈಕಾಲಜಿ ಪರೀಕ್ಷೆ (ನೆನಪು, ಗಮನ, ಯೋಚನೆ ಹೇಗಿದೆ ಅಂತ ನೋಡುವುದು) ಯಾವಾಗ, ಸ್ಕ್ಯಾನ್ ಯಾವಾಗ, ಎಲ್ಲ ಅದರಲ್ಲೇ ಬರೆಸಿಕೊಳ್ಳಿ. "ಫಿಸಿಯೋಥೆರಪಿ ಮಾಡಿಸಿ" ಅಂತ ಬರೀ ಒಂದು ಸಾಲು ಇದ್ದರೆ ಸಾಲದು. ಪ್ರತಿ ಬಿಲ್ಲಿನ ಜೊತೆ ಆ ಡಿಸ್ಚಾರ್ಜ್ ಸಮರಿಯ ಜೆರಾಕ್ಸ್, ಥೆರಪಿಸ್ಟ್ ಸಹಿ, ತಾರೀಖು ಇರಲಿ. ಆ ಅವಧಿ ಮುಗಿದ ಮೇಲೆ ಬಿಲ್ ಸಲ್ಲಿಸಲು ಸಿಗುವುದು ಸಾಮಾನ್ಯವಾಗಿ 15 ದಿನ. ಒರಿಜಿನಲ್ ಕೊಡುವ ಮುಂಚೆ ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಕೋರ್ಟಿಗೆ ಬೇಕಾಗುತ್ತದೆ.

ಸಿಟ್ಟು, ಭಯ, ಮಂಕು ಇಂಥ ತೊಂದರೆಗೆ ಮಾನಸಿಕ ತಜ್ಞರ ಹತ್ತಿರ ಅಡ್ಮಿಟ್ ಮಾಡಬೇಕಾಗಿ ಬಂದರೆ "ಮಾನಸಿಕ ಕಾಯಿಲೆಗೆ ಕೊಡಲ್ಲ" ಅಂತ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ದೈಹಿಕ ಕಾಯಿಲೆಗೆ ಕೊಡುವ ಹಾಗೆಯೇ ಇದಕ್ಕೂ ಇನ್ಶೂರೆನ್ಸ್ ಕೊಡಬೇಕು ಅನ್ನುತ್ತದೆ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಇಂಥ ದೂರುಗಳನ್ನು ಬಗೆಹರಿಸಲೆಂದೇ ಇರುವ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಒಂದು ವರ್ಷದ ಒಳಗೆ ದೂರು ಕೊಡಬಹುದು. ಫೀಸಿಲ್ಲ, ವಕೀಲರು ಬೇಡ. ಬಿಮಾ ಭರೋಸಾ ಪೋರ್ಟಲ್ ಮತ್ತು 155255 ನಂಬರ್ ಕೂಡ ಇದೆ.

ಮನೆಗೆ ಬಂದ ಮೇಲೆ

ಚಿಕ್ಕ ಮಗು, ಬೇಗ ಸರಿಹೋಗುತ್ತದೆ ಬಿಡಿ ಅಂತ ನೆಂಟರೆಲ್ಲ ಹೇಳುತ್ತಾರೆ. ಮೂಳೆಗೆ ಅದು ಸರಿ. ಮೆದುಳಿಗೆ ಯಾವಾಗಲೂ ಅಲ್ಲ. ಮೊದಲ ಕೆಲವು ತಿಂಗಳು ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ಆದರೆ ಯೋಜನೆ ಹಾಕುವುದು, ಕೋಪ ತಡೆಯುವುದು ಇಂಥ ಕೆಲಸ ನೋಡಿಕೊಳ್ಳುವ ಮುಂಭಾಗದ ಮೆದುಳು ಇಪ್ಪತ್ತು ದಾಟುವ ತನಕ ಬೆಳೆಯುತ್ತಲೇ ಇರುತ್ತದೆ. ಆರನೇ ವಯಸ್ಸಿನಲ್ಲಿ ಆದ ಪೆಟ್ಟಿನ ಕೊರತೆ ಹೈಸ್ಕೂಲಿಗೆ ಬಂದಾಗ ಕಾಣಿಸಿಕೊಳ್ಳಬಹುದು. ಮಗ್ಗಿ ಇಪ್ಪತ್ತರ ತನಕ ಹೇಳುವ ಹುಡುಗ, ಬೆಳಿಗ್ಗೆ ಬ್ಯಾಗ್ ರೆಡಿ ಮಾಡಿಕೋ ಅಂದರೆ ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೊಂದರಲ್ಲಿ ಸಾಕ್ಸ್ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಾನೆ. ಮುಂದೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಅದನ್ನು ಸೋಮಾರಿತನ ಅಂತ ಬೈಯುವ ಮನೆಗಳೇ ಜಾಸ್ತಿ. ಹೀಗೆ ಕಂಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಡಾಕ್ಟರಿಗೂ ಬೇಕು, ಕಾಗದ ಪತ್ರಕ್ಕೂ ಬೇಕು.

ಪದೇಪದೇ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ನಿದ್ದೆ ಕಂಡರೆ ಮಾತ್ರ ನೋಟ್‌ಬುಕ್ ಬಿಡಿ, ಆಸ್ಪತ್ರೆಗೆ ಓಡಿ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಥೆರಪಿ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಕೇಳದವರು ಹೋಗುವ ಜಾಗ ಅಂತ ಮಾತ್ರ ತುಂಬಾ ಜನ ತಿಳಿದಿದ್ದಾರೆ. ಪೆಟ್ಟಿನಿಂದ ಮಾತು ಹೋದವರಿಗೆ, ಮಾತು ತೊದಲುವವರಿಗೆ, ನುಂಗಲು ಕಷ್ಟಪಡುವವರಿಗೆ ಅಲ್ಲಿ ಚಿಕಿತ್ಸೆ ಇದೆ, ಮನಶ್ಶಾಸ್ತ್ರ ತಜ್ಞರೂ ಇದ್ದಾರೆ. ಕೇಂದ್ರ ಸರ್ಕಾರದ ಸಂಸ್ಥೆ, ಖಾಸಗಿ ಕ್ಲಿನಿಕ್ಕಿನ ದರ ಅಲ್ಲಿಲ್ಲ. ಫಿಸಿಯೋಗೆ ಕೆ.ಆರ್. ಆಸ್ಪತ್ರೆ, ಮಿಮ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೇ ಒಂದು ವಿಭಾಗ ಇದೆ, ಬಿಪಿಎಲ್ ಕಾರ್ಡಿಗೆ ರಿಯಾಯಿತಿ ಕೇಳಿ. 18 ವರ್ಷದ ತನಕದ ಮಕ್ಕಳಿಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಜಿಲ್ಲೆಯಲ್ಲಿ ಡಿ.ಇ.ಐ.ಸಿ. (ಮಕ್ಕಳ ಬೆಳವಣಿಗೆ ತೊಂದರೆಗಳನ್ನು ನೋಡುವ) ಕೇಂದ್ರ ಇರುತ್ತದೆ, ಅಲ್ಲಿ ಉಚಿತ. ವಾರಕ್ಕೆ ಐದು ದಿನ ದುಬಾರಿ ಕ್ಲಿನಿಕ್ಕಿಗೆ ಹೋಗಿ ಎರಡು ತಿಂಗಳಿಗೆ ಸುಸ್ತಾಗಿ ಬಿಡುವುದಕ್ಕಿಂತ, ವಾರಕ್ಕೆ ಎರಡು ದಿನ ಸರ್ಕಾರಿ ಜಾಗಕ್ಕೆ ಹೋಗಿ, ಉಳಿದ ದಿನ ಅವರು ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ಮಾಡಿಸಿ ವರ್ಷಗಟ್ಟಲೆ ಮುಂದುವರಿಸುವುದು ಎಷ್ಟೋ ವಾಸಿ.

ಕೊರತೆ ಉಳಿಯುತ್ತದೆ ಅಂತ ಡಾಕ್ಟರು ಹೇಳಿದರೆ ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಮಗುವಿಗೆ ಹಣೆಪಟ್ಟಿ ಅಂಟಿಸಿದ ಹಾಗಾಗುತ್ತದೆ ಅಂತ ಅಜ್ಜ ಅಜ್ಜಿ ಬೇಡ ಅನ್ನುತ್ತಾರೆ. ಮಾಡಿಸಿ. ಅಂಗವಿಕಲತೆ ಶೇಕಡಾ 40 ಅಥವಾ ಹೆಚ್ಚು ಅಂತ ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಬುದ್ಧಿಮಾಂದ್ಯತೆ ಅಥವಾ ಬಹುವಿಧ ಅಂಗವೈಕಲ್ಯ ಅಂತ ಪ್ರಮಾಣಪತ್ರ ಆದರೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಇನ್ಶೂರೆನ್ಸಿಗೆ ಸೇರಿಸಬಹುದು. ವರ್ಷಕ್ಕೆ ಒಂದು ಲಕ್ಷದ ತನಕ. ಮೊತ್ತ ಚಿಕ್ಕದು, ಆದರೆ ಬೇರೆ ಪಾಲಿಸಿಗಳು ಕೊಡದ ಥೆರಪಿ ಖರ್ಚು, ಹೊರರೋಗಿ ಖರ್ಚು ಇದರಲ್ಲಿ ಉಂಟು, ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆಯೂ ಇಲ್ಲ.

ಶಾಲೆಗೆ ಒಂದೇ ಸಲ ಪೂರ್ತಿ ದಿನ ಕಳಿಸಬೇಡಿ. ಡಾಕ್ಟರ ಪತ್ರ ತೆಗೆದುಕೊಂಡು ಹೆಡ್‌ಮಾಸ್ತರ ಹತ್ತಿರ ಹೋಗಿ, ಸ್ವಲ್ಪ ದಿನ ಅರ್ಧ ದಿನ, ಮುಂದಿನ ಬೆಂಚು, ಮಧ್ಯೆ ವಿಶ್ರಾಂತಿ, ಹೋಂವರ್ಕ್ ಬಾಯಲ್ಲಿ ಹೇಳುವ ಬದಲು ಡೈರಿಯಲ್ಲಿ ಬರೆದು ಕೊಡುವುದು, ಇಷ್ಟು ಕೇಳಿ. ಶಾಲೆಗೆ ಹೋಗುವ ಸ್ಥಿತಿಯೇ ಇಲ್ಲ ಅಂದರೆ ತಾಲ್ಲೂಕಿನ ಬಿ.ಆರ್.ಸಿ. (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕಂಡು ಗೃಹಾಧಾರಿತ ಶಿಕ್ಷಣದ ಬಗ್ಗೆ ವಿಚಾರಿಸಿ.

ವಾಹನದಿಂದ ಆಗಿದ್ದರೆ ಕೋರ್ಟಿನ ದಾರಿ

ಮುಂದಿನ ವರ್ಷಗಳ ಆರೈಕೆಗೆ ದೊಡ್ಡ ಮೊತ್ತ ಸಿಗುವ ದಾರಿ ನಿಜವಾಗಿ ಇದೊಂದೇ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಎಫ್.ಐ.ಆರ್., ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಆಸ್ಪತ್ರೆ ಕೊಡುವ ಪತ್ರ), ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ಅಂಗವಿಕಲತೆ ಪ್ರಮಾಣಪತ್ರ, ಓಡಾಟದ ಖರ್ಚು, ಮನೆಯಲ್ಲಿ ನೋಡಿಕೊಳ್ಳಲು ಕೆಲಸ ಬಿಟ್ಟವರ ಸಂಬಳದ ದಾಖಲೆ ಎಲ್ಲ ಬೇಕು. ಕಾಯ್ದೆಯಲ್ಲಿ ಅರ್ಜಿಗೆ ಆರು ತಿಂಗಳ ಮಿತಿ ಬರೆದಿದೆ, ಹಾಗಾಗಿ ಮಗು ಪೂರ್ತಿ ಗುಣವಾಗಲಿ ಅಂತ ಕಾಯಬೇಡಿ. ಗಾಡಿಯವರು ಮನೆಗೆ ಬಂದು ಊರಿನ ಹಿರಿಯರ ಮುಂದೆ ಇಷ್ಟು ಕೊಡುತ್ತೇವೆ, ಕೇಸ್ ಬೇಡ ಅನ್ನುತ್ತಾರೆ. ಆ ದುಡ್ಡು ಥೆರಪಿಗೆ ಆರು ತಿಂಗಳೂ ಬರುವುದಿಲ್ಲ.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಗೆ ಲಾರಿ ಗುದ್ದಿ ತಲೆಗೆ ತೀವ್ರ ಪೆಟ್ಟಾಗಿತ್ತು. ನ್ಯಾಯಮಂಡಳಿ ಕೊಟ್ಟಿದ್ದು 11 ಲಕ್ಷ ಚಿಲ್ಲರೆ, ಹೈಕೋರ್ಟ್ ಅದನ್ನು 25 ಲಕ್ಷ ದಾಟಿಸಿತು, ಸುಪ್ರೀಂ ಕೋರ್ಟ್ 62 ಲಕ್ಷಕ್ಕೂ ಹೆಚ್ಚು ಮಾಡಿತು. ಜೀವನಪೂರ್ತಿ ನೋಡಿಕೊಳ್ಳುವ ಇಬ್ಬರು ಸಹಾಯಕರ ಸಂಬಳವನ್ನು ಲೆಕ್ಕ ಹಾಕಿ ಸೇರಿಸಿದ್ದು ಅದರಲ್ಲಿ ದೊಡ್ಡ ಪಾಲು. ನಿಮ್ಮ ವಕೀಲರು ಬರೀ ಆಸ್ಪತ್ರೆ ಬಿಲ್ ಸೇರಿಸಿ ಅರ್ಜಿ ಬರೆಯುತ್ತಿದ್ದರೆ, ಮುಂದಿನ ಚಿಕಿತ್ಸೆ ಮತ್ತು ಸಹಾಯಕರ ಖರ್ಚು ಎಲ್ಲಿ ಅಂತ ಕೇಳಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಫೋನ್ 15100. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000 ಇದೆ. ಪರಿಹಾರದ ಹಣವನ್ನು ಮಗುವಿಗೆ 18 ತುಂಬುವ ತನಕ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಡೆಪಾಸಿಟ್ ಇಡಿಸುತ್ತಾರೆ. ಚಿಕಿತ್ಸೆಗೆ ನಡುವೆ ಬೇಕಾದರೆ ಡಾಕ್ಟರ ಅಂದಾಜು ಪಟ್ಟಿ ಸೇರಿಸಿ ಅದೇ ಕೋರ್ಟಿಗೆ ಅರ್ಜಿ ಹಾಕಿ ಕೇಳಬಹುದು. ತಿಂಗಳ ಬಡ್ಡಿ ಪೋಷಕರ ಕೈಗೆ ಬರುವ ಹಾಗೆ ಆದೇಶ ಮಾಡಿ ಅಂತ ಮೊದಲೇ ಕೇಳಿಕೊಂಡರೆ ಥೆರಪಿ ಖರ್ಚು ಅದರಲ್ಲೇ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.